ಶ್ಯಾವಿಗೆ ಬಾರದ ಯಂತ್ರ

೧

ಬೀದರಿನಲ್ಲಿ ಸುಲ್ತಾನರು ರಾಜಧಾನಿ ಕಟ್ಟಿದರು, ಬಂಡೆ ಕೊರೆಸಿ ಕಂದಕ ತೋಡಿಸಿದರು, ಹೋದರು. ನಿಜಾಮರ ರಾಜ್ಯ ಒಂದು ವಾರದೊಳಗೆ ಮುಗಿಯಿತು. ಇವೆಲ್ಲ ಸಣ್ಣಪುಟ್ಟ ಸಂಗತಿಗಳು, ಬರೆಯಲು ಬೇರೆಯವರಿದ್ದಾರೆ. ಇಲ್ಲಿ ಎತ್ತಿಕೊಂಡಿರುವುದು ಇವೆಲ್ಲಕ್ಕಿಂತ ಗಹನವಾದ, ಈವರೆಗೆ ಯಾವ ವಿದ್ವಾಂಸರೂ ಕೈಹಾಕುವ ಧೈರ್ಯ ಮಾಡದ ಪ್ರಶ್ನೆ: ಅದೇ ಬೀದರಿನ ಚಿದ್ರಿಯ ವಿಲ್ಸನ ಮಾಸ್ತರರ ಊಟದ ಮೇಜಿನ ಮೇಲೆ ಕುಳಿತಿರುವ ವಸ್ತು ಶ್ಯಾವಿಗೆ ಯಂತ್ರವೋ, ಅಲ್ಲವೋ?

ಪ್ರಶ್ನೆ ಇಷ್ಟು ದೊಡ್ಡದಾದ ಮೇಲೆ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದು ಕಥೆಗಾರನಿಗೆ ತಿಳಿಯಲಿಲ್ಲ. ಮೊದಲ ಡ್ರಾಫ್ಟು ಹೀಗಿತ್ತು: "ಮುಳುಗುವ ಸೂರ್ಯನ ಬೆಳಕಿನಲ್ಲಿ ಬೀದರಿನ ಕೋಟೆ ಕೆಂಪಾಗಿ ಕಾಣುತ್ತಿತ್ತು." ಇದನ್ನು ಹೊಡೆದುಹಾಕಲಾಯಿತು. ಕೋಟೆಯ ಕಲ್ಲೇ ಕೆಂಪು. ಮಧ್ಯಾಹ್ನ ಹನ್ನೆರಡಕ್ಕೂ ಅದು ಕೆಂಪಾಗಿಯೇ ಕಾಣುತ್ತದೆ, ಸೂರ್ಯ ಸುಮ್ಮನೆ ಹೆಸರು ಹೊಡೆಯುತ್ತಾನೆ.

ಎರಡನೆಯ ಡ್ರಾಫ್ಟು ೧೯೪೮ರ ಸೆಪ್ಟೆಂಬರಿನಲ್ಲಿ, ಆಕಾಶದಲ್ಲಿ ವಿಮಾನದ ಸದ್ದಿನೊಂದಿಗೆ ಶುರುವಾಗಿತ್ತು. ಚೆನ್ನಾಗಿಯೇ ಇತ್ತು. ಆದರೆ ಹಾಗೆ ಶುರುಮಾಡಿದರೆ ನೀವು ಬೆನ್ನು ನೆಟ್ಟಗೆ ಮಾಡಿ ಕುಳಿತುಬಿಡುತ್ತೀರಿ. ಆಮೇಲೆ ಶ್ಯಾವಿಗೆಯ ಮಾತು ತೆಗೆಯಲು ಯಾರಿಗೆ ಧೈರ್ಯ ಬರುತ್ತದೆ? ಹಾಗಾಗಿ ಆ ಸೆಪ್ಟೆಂಬರನ್ನು ಸದ್ಯಕ್ಕೆ ಬದಿಗಿಟ್ಟಿದೆ. (ಅದು ಬದಿಯಲ್ಲಿ ಇರುವಂಥದ್ದಲ್ಲ. ತಾನಾಗಿಯೇ ಒಳಗೆ ಬರುತ್ತದೆ, ನೋಡುತ್ತಿರಿ.)

೨

೧೯೫೦ರ ಒಂದು ಬೆಳಿಗ್ಗೆ ಮಡೆಪ್ಪ ಎಂಬ ಕುರಿಗಾರ ಕಂಬಳಿಯಲ್ಲಿ ಸುತ್ತಿದ ಗಂಟೊಂದನ್ನು ಹೊತ್ತುಕೊಂಡು ಹಲಬರ್ಗಾದಿಂದ ಬಂದು ವಿಲ್ಸನನ ಪಡಸಾಲೆಯಲ್ಲಿ ಇಳಿಸಿದ.

ವಿಲ್ಸನ ಮಿಷನ್ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ. ಅದು ಹೊಟ್ಟೆಪಾಡು. ನಿಜವಾದ ಕಸುಬು, ಕೆಟ್ಟ ವಸ್ತುಗಳನ್ನು ಬಿಚ್ಚುವುದು. ಚರ್ಚಿನ ಹಾರ್ಮೋನಿಯಂ, ಆಸ್ಪತ್ರೆಯ ಗಡಿಯಾರ, ನೆರೆಯವರ ಸ್ಟೋವು, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಯಾರೂ ಕೇಳದಿದ್ದರೂ ಬಿಚ್ಚುತ್ತಿದ್ದ. ಮೊದಲು ಬಿಚ್ಚಬೇಕು, ಒರೆಸಬೇಕು, ಆಮೇಲೆ ಯೋಚಿಸಬೇಕು ಎಂಬುದು ಅವನ ಸಿದ್ಧಾಂತ. ಅವನ ಹೆಂಡತಿ ದೊರ್ಕಾ ಆಸ್ಪತ್ರೆಯಲ್ಲಿ ನರ್ಸು. ಅವಳ ಕೈಗೆ ಬರುವುದು ಮನುಷ್ಯರಾದ್ದರಿಂದ ಅವಳ ಸಿದ್ಧಾಂತ ಇದರ ತಿರುಗುಮುರುಗು.

"ಏನೋ ಇದು?" ಎಂದ ವಿಲ್ಸನ.

"ಶ್ಯಾವಗಿ ಮಶೀನ್ರಿ, ಮಾಸ್ತರ್."

"ಮತ್ತ ನನ್ನ ಹಂತ್ಯಾಕ ತಂದಿ?"

"ಶ್ಯಾವಗಿ ಬರವಲ್ದುರಿ."

ಕಂಬಳಿ ಬಿಚ್ಚಿತು. ಒಂದು ಮರದ ಪೆಟ್ಟಿಗೆ, ಅದರ ಮೇಲೆ ಕಬ್ಬಿಣದ ಹಲ್ಲುಚಕ್ರಗಳು, ಅಡ್ಡಕ್ಕೆ ಮಲಗಿದ ನುಣುಪಾದ ಒಂದು ಉರುಳೆ, ಪಕ್ಕದಲ್ಲಿ ತಿರುಗಿಸುವ ಹಿಡಿ, ಬೇರೆಯಾಗಿ ಒಂದು ತಗಡಿನ ಆಲಿಕೆ. ವಿಲ್ಸನನ ಕಣ್ಣುಗಳು ಮಕ್ಕಳ ಕಣ್ಣುಗಳಾದವು.

"ಎಲ್ಲಿ ಸಿಕ್ತು?"

"ಭಾಲ್ಕ್ಯಾಗ್ರಿ."

"ಯಾವಾಗ?"

ಮಡೆಪ್ಪ ಅಂಗಳದ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡಿದ. "ಗಡಬಡ ಆತಲ್ರಿ... ಆವಾಗ."

(ನೋಡಿದಿರಾ, ಬಂತು. ಆ ಕಡೆಯವರ ಮಾತಿನಲ್ಲಿ ಆ ಸೆಪ್ಟೆಂಬರಿನ ಪೊಲೀಸ್ ಆಕ್ಷನ್ನಿನ ಮುಂಚಿನದು ರಜಾಕಾರರ ಕಾಲ, ಆಮೇಲೆ ಮುಸಲ್ಮಾನರ ಮನೆಗಳು ಲೂಟಿಯಾದ ಕೆಲವು ವಾರಗಳು ಗಡಬಡ. ಗಡಬಡದಲ್ಲಿ ಸಿಕ್ಕ ವಸ್ತುಗಳಿಗೆ ಊರಿದೆ, ಮಾಲೀಕರಿಲ್ಲ.)

"ಎಲ್ಲಾರೂ ಹೋದ್ರು, ನಾನೂ ಹೋದೆ," ಎಂದ ಮಡೆಪ್ಪ, ಯಾರೂ ಕೇಳದೆ. "ಬಾಗಲ ತೆರದೇ ಇದ್ದವ್ರಿ. ಭಾಂಡಿ, ಹಾಸಿಗಿ, ಪೆಟಗಿ, ಮುಂದಿನವ್ರು ಒಯ್ದುಬಿಟ್ಟಿದ್ರು. ನಾ ಹಿಂದಿನಾವ. ಇದೊಂದ್ ಉಳಿದಿತ್ತು. ಬರೀ ಕೈಲೆ ಹೋದ್ರ ಮನ್ಯಾಗ ಬೈತಾಳ ಅಂತ ತಂದೆ."

ಇಲ್ಲಿ ಕಥೆಗಾರ ಮಡೆಪ್ಪನ ಕಣ್ಣಲ್ಲಿ ನೀರು ತರಿಸಿದ್ದ. ಪಶ್ಚಾತ್ತಾಪದ ಮೇಲೆ ಒಂದು ಪುಟ, ಕುರಿಮರಿಯೊಂದರ ಉಪಮೆ ಸಮೇತ, ತಯಾರಾಗಿತ್ತು. ಮಡೆಪ್ಪ ಒಪ್ಪಲಿಲ್ಲ.

"ಅಳೋದು ಹಾಕಬ್ಯಾಡ್ರಿ. ನಾ ಅತ್ತಿಲ್ಲ. ಪೊಲೀಸ್ರು ಗಡಬಡದ ಸಾಮಾನ ಹುಡಕಲತ್ತಾರ ಅಂತ ಹೆದರಿ ಬಂದೇನಿ. ಹೆದರಿದ್ದು ಬೇಕಾದ್ರ ಬರೀರಿ."

ಬರೆಯಲಾಗಿದೆ. ಮಡೆಪ್ಪ ಕಂಬಳಿಯನ್ನೂ ಬಿಟ್ಟು ಹೋದ. ಅದು ಹೆದರಿಕೆಗೆ ಸಾಕ್ಷಿ, ಕುರಿಗಾರ ಸುಮ್ಮನೆ ಕಂಬಳಿ ಬಿಡುವವನಲ್ಲ.

೩

ವಿಲ್ಸನ ಬಿಚ್ಚಿದ.

ಹಲ್ಲುಚಕ್ರಗಳ ಸಂದಿಯಲ್ಲಿ ಬಿಳಿಯದೇನೋ ಕಲ್ಲಾಗಿ ಕುಳಿತಿತ್ತು. ಅವನು ಅದನ್ನು ಸೂಜಿಯಿಂದ ಎಬ್ಬಿಸಿ, ಮೂಸಿ, ಯಾವುದೋ ವಿದೇಶಿ ರಾಸಾಯನಿಕ ಎಂದು ತೀರ್ಮಾನಿಸಿದ. ದೊರ್ಕಾ ನಾಲಿಗೆಗೆ ಮುಟ್ಟಿಸಿ, "ಗೋಧಿ ಹಿಟ್ಟು. ಉಪ್ಪು ಜರಾ ಹೆಚ್ಚಾಗ್ಯಾದ," ಎಂದಳು. ಮಡೆಪ್ಪನ ಹೆಂಡತಿ ಪುತಳಾಬಾಯಿ ಆ ಯಂತ್ರಕ್ಕೆ ಕಣಕ ತುಂಬಿ ತಿರುಗಿಸಿದ್ದಳು. ಒಂದು ಸಲವಲ್ಲ, ಪದರಗಳನ್ನು ನೋಡಿದರೆ ಎರಡು ಯುಗಾದಿಗಳಾದರೂ ಆಗಿದ್ದವು.

ಆಲಿಕೆಯಿಂದ ಬೇರೆಯೇ ಒಂದು ವಾಸನೆ. ವಿಲ್ಸನ ಮತ್ತೆ ವಿದೇಶದ ಕಡೆಗೆ ಹೊರಟಿದ್ದ. ದೊರ್ಕಾ ತಡೆದಳು. "ಕುರಿ ಔಷಧ. ಕುರಿಗಿ ಕುಡ್ಸೋ ಗೊಟ್ಟ ಮಾಡ್ಕೊಂಡಾನ್ರಿ ಇದಕ್ಕ. ನೋಡ್ರಿ, ಅಂಚಿಗೆ ಹಲ್ಲಿನ ಗುರ್ತು ಅವ."

ಶ್ಯಾವಿಗೆ ಯಂತ್ರವಲ್ಲ ಎಂಬುದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಶ್ಯಾವಿಗೆ ಬಾರದ ಶ್ಯಾವಿಗೆ ಯಂತ್ರಗಳೂ ಇರುತ್ತವೆ. ಹೊಲಿಗೆ ಯಂತ್ರವೆನ್ನಲು ದಾರ ಪೋಣಿಸುವ ಕಣ್ಣಿಲ್ಲ. ಆಲಿಕೆ ನೋಡಿದರೆ ಗ್ರಾಮೊಫೋನು ಎನ್ನಬೇಕು. ಆದರೆ ಗ್ರಾಮೊಫೋನನ್ನು ಬೀದರಿನಲ್ಲಿ ಯಾರು ನೋಡಿಲ್ಲ? ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲೇ ಒಂದಿತ್ತು. ಅದಕ್ಕೆ ತಟ್ಟೆ ಬೇಕು. ಇದರಲ್ಲಿ ತಟ್ಟೆ ಇಡುವ ಜಾಗವೇ ಇಲ್ಲ.

ಪೆಟ್ಟಿಗೆಯ ಕೆಳಖಾನೆಯಲ್ಲಿ ಲೋಟದಂಥ ರಟ್ಟಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಹತ್ತಿ, ಹತ್ತಿಯಲ್ಲಿ ಕಂದು ಬಣ್ಣದ ಮೇಣದ ಒಂದು ಚೂರು. ವಿಲ್ಸನ ಅದನ್ನು ಭೂತಗನ್ನಡಿಯ ಕೆಳಗಿಟ್ಟ. ಚೂರಿನ ಮೈಮೇಲೆ ಕೂದಲಿಗಿಂತ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಉಳುಮೆ ಮಾಡಿದ ಹೊಲದಂತೆ.

"ದೊರ್ಕಾ! ಇದಕ್ಕ ತಟ್ಟಿ ಇಲ್ಲ ಅಂತಲ್ಲ. ತಟ್ಟೀನೇ ಸುರುಳಿ ಸುತ್ಯಾರ! ಮೇಣದ ನಳಗಿ ಮ್ಯಾಲೆ ಹಾಡು!"

"ನಳಗಿ ಎಲ್ಲದ?"

ನಳಿಗೆ ಇರಲಿಲ್ಲ. ಇದ್ದದ್ದು ಎರಡು ದುಂಡನೆಯ ಡಬ್ಬಿಗಳು, ರೂಪಾಯಿಯಷ್ಟಗಲ, ಒಂದೊಂದಕ್ಕೂ ಒಂದು ಪುಟ್ಟ ಮುಳ್ಳು. ಆಲಿಕೆಯ ಬುಡಕ್ಕೆ ಸಿಕ್ಕಿಸುವಂಥವು. ಒಂದರ ಮುಳ್ಳು ಸಾಸಿವೆಯಂತೆ ದುಂಡಗೆ, ಇನ್ನೊಂದರದು ಉಳಿಯಂತೆ ಚೂಪು. ಎರಡು ಯಾಕೆ? ವಿಲ್ಸನ ಊಟ ಬಿಟ್ಟು ಯೋಚಿಸಿದ. ತಿಳಿದಾಗ ಅವನ ಮೈಮೇಲೆ ಮುಳ್ಳೆದ್ದವು. ಒಂದು ಆಡುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಇದರ ಮುಂದೆ ಮಾತಾಡಿದರೆ ಮಾತು ಮೇಣದಲ್ಲಿ ಇಳಿಯುತ್ತದೆ. ಹೋಟೆಲಿನ ಗ್ರಾಮೊಫೋನಿಗೆ ಬಾಯಿ ಮಾತ್ರ. ಇದಕ್ಕೆ ಕಿವಿಯೂ ಇತ್ತು.

ಸರಿ, ಯಾವುದು ಬಾಯಿ, ಯಾವುದು ಕಿವಿ? ವಿಲ್ಸನ ತರ್ಕ ಮಾಡಿದ: ಗ್ರಾಮೊಫೋನಿನ ಸೂಜಿ ಚೂಪು, ಅದು ಹಾಡುತ್ತದೆ. ಆದ್ದರಿಂದ ಚೂಪಾದದ್ದೇ ಬಾಯಿ. ದುಂಡನೆಯದನ್ನು ಸ್ಪಿರಿಟ್ಟಿನಿಂದ ತೊಳೆದು ಹತ್ತಿಯಲ್ಲಿಟ್ಟ, ಚೂಪಾದದ್ದನ್ನು ಯಂತ್ರಕ್ಕೆ ಸಿಕ್ಕಿಸಿದ. ತರ್ಕ ದೋಷರಹಿತವಾಗಿತ್ತು, ಉತ್ತರ ತಪ್ಪಾಗಿತ್ತು. ಇದು ನಿಮಗೆ ಈಗಲೇ ತಿಳಿದಿರಲಿ. ಸಸ್ಪೆನ್ಸ್ ಇಟ್ಟು ನಿಮ್ಮ ನಿದ್ದೆ ಕೆಡಿಸುವ ಉದ್ದೇಶ ಕಥೆಗಾರನಿಗಿಲ್ಲ. ಚೂಪಾದದ್ದು ಮೇಣವನ್ನು ಕೊರೆಯುವ ಮುಳ್ಳು. ಅದನ್ನು ಮಾತಿನ ಮೇಲೆ ಓಡಿಸಿದರೆ ಮಾತು ಅಳಿಸಿಹೋಗುತ್ತದೆ.

ಆ ಚೂಪು ಮುಳ್ಳಿನ ಡಬ್ಬಿಯ ಒಳಮೈಯಲ್ಲಿ ಕೆಂಪು ಚುಕ್ಕೆಗಳಿದ್ದವು. ಕಥೆಗಾರನಿಗೆ ಅದು ರಕ್ತವಾಗಿರಲಿ ಎಂದು ಬಹಳ ಆಸೆಯಿತ್ತು. ವರ್ಷ ನೋಡಿ, ಊರು ನೋಡಿ, ರಕ್ತವೇ ಸರಿ.

"ರಕ್ತ ಕರ್ರಗಾಗ್ತದ," ಎಂದಳು ದೊರ್ಕಾ ಕಥೆಗಾರನಿಗೆ. "ನಂಗ ಕಲಿಸ್ಲಾಕ ಬರಬ್ಯಾಡ್ರಿ. ಇದು ಪಾನ್."

ವಿಲ್ಸನನಿಗೆ ಅದು ಯಾವುದಾದರೂ ಒಂದೇ, ಒರೆಸಬೇಕು ಅಷ್ಟೆ. ಆದರೆ ಸ್ಪಿರಿಟ್ಟು ಮುಗಿದಿತ್ತು. ದೊರ್ಕಾ ಆಸ್ಪತ್ರೆಯದನ್ನು ಇನ್ನೊಮ್ಮೆ ತಂದುಕೊಡಲು ಒಪ್ಪಲಿಲ್ಲ. "ನಿಮ್ಮ ಶ್ಯಾವಗಿ ಮಶೀನಿಗಿ ಇಂಜೆಕ್ಷನ್ ಮಾಡೋದದ ಅಂತ ಬರಿಸ್ಕೊಂಡ್ ಬರ್ರಿ, ಕೊಡ್ತೇನಿ."

೪

ರಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಉರ್ದುವಿನಲ್ಲಿ ಒಂದು ಹೆಸರಿತ್ತು. ನಿಜಾಮರ ಶಾಲೆಯಲ್ಲಿ ಕಲಿತವರೆಲ್ಲ ಓದಬಲ್ಲಂಥದ್ದು: ಅಬ್ದುಲ ಅಜೀಜ, ಅಹಲಕಾರ, ಭಾಲ್ಕಿ. ಅಂದರೆ ಭಾಲ್ಕಿಯ ಕೋರ್ಟಿನ ಗುಮಾಸ್ತ.

"ಔರಾದದ ಮರಿಯಮಬೀ ಇದ್ದಾಳಲ್ಲ," ಎಂದಳು ದೊರ್ಕಾ. "ಆಕಿ ಹೆರಿಗಿ ನಾನೇ ಮಾಡಸೇನಿ. ಆಕಿ ಅಕ್ಕನ ಗಂಡ ಇವರು. ಗಡಬಡದಾಗ ಮನಿಯಿಂದ ಹೊರಗ ಹೋದವರು ತಿರುಗಿ ಬಂದಿಲ್ಲ. ಸತ್ತಾರ ಅಂತ ಯಾರೂ ಹೇಳಿಲ್ಲ, ಇದ್ದಾರ ಅಂತನೂ ಹೇಳಿಲ್ಲ. ಅಕ್ಕ ತಂಗಿ ಮನ್ಯಾಗೇ ಇದ್ದಾಳ."

ಹೇಳಿಕಳಿಸಿದರು. ಅಕ್ಕ, ಖೈರುನ್ನಿಸಾ, ಔರಾದದ ಬಸ್ಸಿಳಿದು ಬಂದಳು. ಕಪ್ಪು ಬುರ್ಖಾ, ಕೈಯಲ್ಲೊಂದು ಗಂಡಸರ ಕೊಡೆ. ವಿಲ್ಸನ ಸಾಂತ್ವನದ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದ. ಅವಳು ಮೇಜಿನ ಹತ್ತಿರ ಹೋಗಿ ಆಲಿಕೆ ಎತ್ತಿ ನೋಡಿದಳು.

"ಇದನ್ಯಾರು ಕಡದ್ರು?"

"ಕುರಿ," ಎಂದ ವಿಲ್ಸನ. ಬಾಯಿಪಾಠದ ವಾಕ್ಯಗಳು ಅಲ್ಲಿಗೆ ತೀರಿದವು.

ಅವಳು ಕುಳಿತಳು. ದೊರ್ಕಾ ಚಹಾ ತಂದಳು. ಯಾವನೋ ಜಹಗೀರದಾರನ ಮನೆಯ ಹರಾಜಿನಲ್ಲಿ ಯಾರೂ ಕೂಗದೆ ಉಳಿದದ್ದನ್ನು ಅವಳ ಗಂಡ ತಂದಿದ್ದನಂತೆ. ಮೂರು ನಳಿಗೆ ಇದ್ದವಂತೆ, ಎರಡನ್ನು ಕೈಜಾರಿಸಿ ಒಡೆದ. ಮೂರನೆಯದರಲ್ಲಿ ಒಂದು ದಿನ ತಾನೇ ಮಾತಾಡಿದ.

"ನಂಗ ಬದಲಿ ಆಗಿ ದೂರ ಹೋದರ ನೀ ಕೇಳು ಅಂದ್ರು. ಶುರು ಮಾಡಿದ್ರು, ನಾ ನಡಕ್ ಮಾತಾಡ್ತೀನಂತ ಒಳಗ ಕಳಿಸಿದ್ರು. ಏನ್ ಹೇಳಿದ್ರೋ ನಾ ಕೇಳೇ ಇಲ್ಲ. ಬಹಳ ಸರ್ತಿ ಹಾಕಿದ್ರ ಸವೀತದ ಅಂತಿದ್ರು. ಆಮ್ಯಾಲೆ ಕೇಳಿದ್ರಾಯ್ತು, ಮನ್ಯಾಗೇ ಅದಲ್ಲ ಅಂತ ಬಿಟ್ಟೆ." ಚಹಾದ ಮೇಲೆ ಕೆನೆ ಕಟ್ಟಿತ್ತು, ಊದಿ ಬದಿಗೆ ಸರಿಸಿದಳು. "ಫೋಟೊ ತೆಗಸ್ಕೊಳ್ಳವ್ರಲ್ಲ ಅವರು. ಇರ್ಲಿ, ಮುಖ ನಂಗ ನೆಪ್ಪದ. ನಡಿಯೋದು ನೆಪ್ಪದ. ಕೆಮ್ಮೋದು ಸೈತ ನೆಪ್ಪದ. ದನಿ ಹೋಗ್ಯಾದ, ಮಾಸ್ತರ್. ಮೊನ್ನೆ ರಂಜಾನದಾಗ ಕಣ್ಣು ಮುಚ್ಕೊಂಡು ಕುಂತೆ. ಬರಲೇ ಇಲ್ಲ. ಅವರ ಮಾತು ಅವರ ಅಣ್ಣನ, ನಮ್ಮ ಭಾವನ ದನ್ಯಾಗ ಬರ್ಲತ್ತಾವ."

ಕಥೆಗೆ ಬೇಕಾದದ್ದು ಇಷ್ಟೇ. ಆ ದನಿ ಸಿಗಬೇಕು. ಕಥೆಗಾರ ಇಷ್ಟು ಹೊತ್ತು ಯಂತ್ರದ ಸುತ್ತ ಸುತ್ತುತ್ತಿದ್ದದ್ದು ನಾಚಿಕೆಗೇಡು. ಆದರೆ ವಿಲ್ಸನನೂ ಅದನ್ನೇ ಮಾಡುತ್ತಿದ್ದ. ಬೆಳಿಗ್ಗೆ ತಂದಿಟ್ಟುಕೊಂಡಿದ್ದ ಸೀಮೆಎಣ್ಣೆಯ ಚಿಂದಿಯಿಂದ, ಕೈಗೆ ಏನಾದರೂ ಕೆಲಸವಿರಲಿ ಎಂದು, ಚೂಪು ಮುಳ್ಳಿನ ಡಬ್ಬಿಯನ್ನು ಒರೆಸಲು ಹೋದ.

ಅವನ ಕೈಗೂ ಡಬ್ಬಿಗೂ ನಡುವೆ ಕೊಡೆ ಬಂತು.

"ಅದಕ ಕೈ ಹಚ್ಚಬ್ಯಾಡ್ರಿ. ಅವರ ಪಾನ್ ಅದು." ಆಮೇಲೆ ಅವಳು ಇನ್ನೂ ಬಗ್ಗಿ ನೋಡಿದಳು. "ಇದನ್ಯಾಕ ಹಚ್ಚೀರಿ ಇಲ್ಲಿ? ಇದು ಕೇಳೋ ಡಬ್ಬಿ."

"ಇಲ್ಲಮ್ಮಾ, ಗ್ರಾಮೊಫೋನಿನ ಸೂಜಿ ಚೂಪ—"

"ಮಾಸ್ತರ್, ಅವರ ಬಾಯಾಗ ಯಾವಾಗ್ಲೂ ಪಾನ್. ಮಾತಾಡಿದ್ರ ಎದುರಿದ್ದವರಿಗಿ ಹೋಳಿ. ಮನಶಾ ಯಾವ ಡಬ್ಬಿಗಿ ಮಾತಾಡ್ತಾನೋ ಅದಕ ಪಾನ್ ಹತ್ತತದ. ಮಾತಾಡೋ ಡಬ್ಬಿಗಿ ಹ್ಯಾಂಗ ಹತ್ತತದ?"

ದೊರ್ಕಾ ಗಂಡನ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲಿ ಅವಳಿಗೆ ಬಹಳ ವರ್ಷಗಳ ಅಭ್ಯಾಸವಿತ್ತು. ವಿಲ್ಸನ ಡಬ್ಬಿ ಬದಲಿಸಿದ.

"ಈಗ ನಳಗಿ ಕೊಡ್ರಿ," ಎಂದಳು ಖೈರುನ್ನಿಸಾ.

೫

ನಳಿಗೆ ಇದ್ದರೆ ಮಡೆಪ್ಪನ ಮನೆಯಲ್ಲೇ ಇರಬೇಕು, ಅವನ ಹಲಬರ್ಗಾಕ್ಕೆ ರೈಲು ಹೋಗುತ್ತದೆ. ವಿಲ್ಸನ ಯಂತ್ರವನ್ನು ಅದೇ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಎದುರಿಗೆ ಖೈರುನ್ನಿಸಾ. ದೊರ್ಕಾಳನ್ನು ಕರೆದೊಯ್ಯಲಿಲ್ಲ.

"ಹಿಟ್ಟು ನೆಕ್ಕಿ ನೋಡ್ಲಾಕ ನಾ ಬೇಕು, ಕ್ಲೈಮ್ಯಾಕ್ಸಿಗಿ ಬ್ಯಾಡ," ಎಂದು ಅವಳು ಕಥೆಗಾರನಿಗೆ ನೇರವಾಗಿ ಹೇಳಿದಳು. ಹೌದು. ಆದರೆ ಆಸ್ಪತ್ರೆಯ ಡ್ಯೂಟಿಯನ್ನು ಯಾರು ಮಾಡಬೇಕು? ಕಥೆಯಲ್ಲಿರುವವರೆಲ್ಲ ರಜೆ ಹಾಕಿ ಕೊನೆಯ ಪುಟಕ್ಕೆ ಹೋಗಿ ಕುಳಿತರೆ ಬೀದರಿನ ಗತಿಯೇನು?

ಡಬ್ಬಿಯಲ್ಲಿ, ಅಂದರೆ ರೈಲಿನ ಡಬ್ಬಿಯಲ್ಲಿ, ಕಮಠಾಣದ ಹೆಂಗಸೊಬ್ಬಳು ಕಂಬಳಿಯ ಮೂಲೆ ಎತ್ತಿ ನೋಡಿದಳು.

"ಶ್ಯಾವಗಿ ಮಶೀನೇನ್ರಿ?"

ವಿಲ್ಸನ ಹಳಿಯ ಕಡೆ ನೋಡಿದ. "ಹೌದ್ರಿ."

"ಸಣ್ಣ ಬರ್ತಾವೇನ್ರಿ?"

"ಬರ್ತಾವ್ರಿ."

ಬುರ್ಖಾದೊಳಗಿನಿಂದ ಒಂದು ಸದ್ದು ಬಂತು. ಖೈರುನ್ನಿಸಾ ನಗುತ್ತಿದ್ದಳು. ಕಥೆಗಾರ ಇಲ್ಲಿ ಆ ಎರಡು ವರ್ಷಗಳ ಬಗ್ಗೆ, ಅದೇ ಡಬ್ಬಿಯಲ್ಲಿ ಯಾರು ಯಾರ ಮುಖ ನೋಡಲಿಲ್ಲ ಎಂಬ ಬಗ್ಗೆ ಒಂದು ಗಂಭೀರ ಪ್ಯಾರಾ ಬರೆಯಬಹುದಿತ್ತು. ಅವಳು ನಗುತ್ತಿದ್ದಾಳೆ. ಬಿಡಿ.

೬

ಪುತಳಾಬಾಯಿ ಅಂಗಳದಲ್ಲಿ ಕುರಿಗಳಿಗೆ ನೀರಿಡುತ್ತಿದ್ದಳು. ಕಂಬಳಿಯ ಗಂಟನ್ನು ದೂರದಿಂದಲೇ ಗುರುತಿಸಿದಳು. ಅದರ ಹಿಂದಿನ ಬುರ್ಖಾವನ್ನೂ ನೋಡಿದಳು. ಬಿಂದಿಗೆ ಕೆಳಗಿಟ್ಟಳು.

"ನಮಗೇನೂ ಗೊತ್ತಿಲ್ರಿ. ನಾವು ಎಲ್ಲೂ ಹೋಗಿಲ್ಲ. ಗಂಡಸು ಮನ್ಯಾಗಿಲ್ಲ."

ಮಡೆಪ್ಪ ಬಾಗಿಲಲ್ಲೇ ನಿಂತಿದ್ದ. ಅವನೂ ತಾನಿಲ್ಲ ಎಂಬಂತೆ ನಿಂತ.

"ಪೊಲೀಸ್ರಲ್ಲ, ತಂಗಿ," ಎಂದ ವಿಲ್ಸನ. "ಇದರ ಸಂಗಟ ಒಂದ್ ಮೇಣದ ನಳಗಿ ಇತ್ತಲ್ಲ, ಕಂದು ಬಣ್ಣಂದು? ಅದಷ್ಟ ಕೊಟ್ರ ಹೋಗ್ತೀವಿ."

"ಮೇಣ? ನಮ್ಮಲ್ಲಿ ಮೇಣ ಎಲ್ಲಿಂದ ಬರ್ಬೇಕ್ರಿ!" ಎಂದಳು ಪುತಳಾಬಾಯಿ. ಅವಳ ಹಣೆಯ ಮೇಲೆ ರೂಪಾಯಿಯಷ್ಟಗಲದ ಕುಂಕುಮ ಬಿಸಿಲಿಗೆ ಹೊಳೆಯುತ್ತಿತ್ತು.

ಖೈರುನ್ನಿಸಾ ಆ ಕುಂಕುಮವನ್ನು ನೋಡಿದಳು. ಭಾಲ್ಕಿಯಲ್ಲಿ ಗೌಳಿಗರ, ಕುರಿಗಾರರ ಓಣಿಯ ಪಕ್ಕದಲ್ಲೇ ಬಾಳಿದವಳು, ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹೊಲದಲ್ಲಿ ಬೆವರುವ ಹೆಂಗಸರು ಕುಂಕುಮವನ್ನು ಬರಿಯ ಹಣೆಗೆ ಇಡುವುದಿಲ್ಲ. ಮೊದಲು ಬೆರಳ ತುದಿಯಷ್ಟು ಮೇಣ ತಿಕ್ಕಿ, ಅದರ ಮೇಲೆ ಕುಂಕುಮ ಒತ್ತುತ್ತಾರೆ. ಸಂಜೆಯವರೆಗೆ ಉದುರುವುದಿಲ್ಲ.

"ಕುಂಕುಮದ ಭರಣಿ ತರ್ರಿ," ಎಂದಳು.

ಅಷ್ಟರಲ್ಲಿ ಓಣಿಯ ಹೆಂಗಸರು ಸೇರಿದ್ದರು. ಪುತಳಾಬಾಯಿ ಒಳಗೆ ಹೋದಳು, ಬಂದಳು. ಭರಣಿಯಲ್ಲಲ್ಲ, ಸೆರಗಿನಲ್ಲಿ ನಳಿಗೆ ಇತ್ತು. ಒಂದು ತುದಿಯಿಂದ ಅರ್ಧದವರೆಗೆ ಮೇಲುಮೈಯನ್ನು ಕೆರೆಯಲಾಗಿತ್ತು. ಕುಡುಗೋಲಿನಿಂದ, ಬೆಲ್ಲದ ಹೆಂಟೆ ಕೆರೆದಷ್ಟು ಅಚ್ಚುಕಟ್ಟಾಗಿ.

"ನಾ ವಾಯಾ ಮಾಡಿಲ್ರಿ, ಒಂದ್ ಚೂರ್ ಚೆಲ್ಲಿಲ್ಲ," ಎಂದಳು ಪುತಳಾಬಾಯಿ, ಅಪರಾಧಕ್ಕಿಂತ ಹೆಚ್ಚಾಗಿ ಮನೆವಾರ್ತೆಯ ಮಾತಾಡುವಂತೆ. "ಒಂದೇ ಕಡಿಂದ ತಗೊಂಡ್ ಬಂದೇನಿ. ಜರಾ ಎಣ್ಣಿ ಹಾಕಿ ಕರಗಸ್ಬೇಕು, ಇಲ್ಲಂದ್ರ ಗಟ್ಟಿ ಆಗ್ತದ. ಹಿಂತಾ ಮೇಣ ಹಿಂದ ಸಿಕ್ಕೇ ಇಲ್ಲ. ಓಣ್ಯಾಗ ಎಲ್ಲಾರಿಗೂ ಕೊಟ್ಟೇನಿ. ಸುಂದರಬಾಯಿ ಮಗಳ ಲಗ್ನಕ್ಕ ಇದೇ ಮೇಣ."

ಸುಂದರಬಾಯಿ ಎಂಬವಳು ಗುಂಪಿನಲ್ಲಿ ತಲೆಯಾಡಿಸಿದಳು. ಖೈರುನ್ನಿಸಾ ಒಬ್ಬೊಬ್ಬರ ಹಣೆಯನ್ನೂ ನೋಡುತ್ತ ಹೋದಳು. ಚಿಕ್ಕ ಬೊಟ್ಟು, ದೊಡ್ಡ ಬೊಟ್ಟು, ಒಂದು ಅರ್ಧ ಅಳಿಸಿದ್ದು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯಲಿಲ್ಲ, ಆದರೂ ಯಾರೂ ಕದಲಲಿಲ್ಲ.

"ಅಕ್ಕಾ," ಎಂದಳು ಪುತಳಾಬಾಯಿ ಕೊನೆಗೆ, "ಏನಿತ್ತರಿ ಅದರಾಗ?"

"ನನ್ನ ಗಂಡನ ಮಾತು."

ಪುತಳಾಬಾಯಿಯ ಕೈ ಹಣೆಗೆ ಹೋಯಿತು. ಒರೆಸಬೇಕೆಂದು ಹೋಗಿ, ಬಾಗಿಲಲ್ಲಿದ್ದ ಮಡೆಪ್ಪನನ್ನು ನೋಡಿ, ಅಲ್ಲೇ ನಿಂತಿತು. ಗಂಡ ಎದುರಿಗಿರುವಾಗ ಕುಂಕುಮ ಒರೆಸಿಕೊಳ್ಳುವುದು ಹೇಗೆ? ಇನ್ನೊಬ್ಬಳ ಗಂಡನ ಮಾತನ್ನು ಇಟ್ಟುಕೊಂಡಿರುವುದಾದರೂ ಹೇಗೆ? ಬೆರಳು ಹಣೆಯ ಹತ್ತಿರ ಗಾಳಿಯಲ್ಲೇ ಉಳಿಯಿತು.

"ಬ್ಯಾಡ," ಎಂದಳು ಖೈರುನ್ನಿಸಾ. "ಇರ್ಲಿ. ಒರಸಬ್ಯಾಡ್ರಿ."

೭

ಇನ್ನು ಮುಗಿಸಬೇಕು. ಕಥೆಗಾರನ ಬಳಿ ಮುಕ್ತಾಯಗಳಿಗೆ ಬರವಿಲ್ಲ.

ಮುಕ್ತಾಯ ಒಂದು. ಉಳಿದ ಮೇಣದಿಂದ ಅಬ್ದುಲ ಅಜೀಜನ ದನಿಯಲ್ಲಿ ಒಂದು ಅಪೂರ್ವ ಪ್ರೇಮಕವಿತೆ ಹೊರಬರುತ್ತದೆ. ಕುರಿಗಳೂ ಮೇವು ಬಿಟ್ಟು ಕೇಳುತ್ತವೆ.

"ಅವರಿಗಿ ಶಾಯರಿ ಬರ್ತಿದ್ದಿಲ್ಲ," ಎಂದಳು ಖೈರುನ್ನಿಸಾ.

ಮುಕ್ತಾಯ ಎರಡು. ಯಂತ್ರ ತಿರುಗುತ್ತದೆ, ಬರೀ ಗರಗರ ಸದ್ದು. ಆ ಮೌನದಲ್ಲೇ ಎಲ್ಲ ಅರ್ಥವಾಗುತ್ತದೆ.

"ಏನ್ ಅರ್ಥ ಆಗ್ತದ್ರಿ?" ಎಂದ ಮಡೆಪ್ಪ. ನಿಜ. ಏನೂ ಆಗುವುದಿಲ್ಲ. ಯಂತ್ರ ಕೆಟ್ಟಿದೆ ಎಂದಷ್ಟೇ ಆಗುತ್ತದೆ.

ಮುಕ್ತಾಯ ಮೂರು. ಅಂಗಳದ ಆಚೆ, ಸ್ಟೇಷನ್ನಿನ ದಾರಿಯಲ್ಲಿ, ಪಾನ್ ಜಗಿಯುತ್ತ ಒಬ್ಬ ಗಂಡಸು ನಡೆದು ಬರುತ್ತಿದ್ದಾನೆ. ಆ ನಡಿಗೆ—

"ಅದನ್ನ ಬರೀಬ್ಯಾಡ್ರಿ." ಖೈರುನ್ನಿಸಾ ದನಿಯೇರಿಸಲಿಲ್ಲ. "ಅದು ನಾ ದಿನಾ ಬರೀತೀನಿ. ಅದು ನನ್ನದು. ನೀವು ಮುಟ್ಟಬ್ಯಾಡ್ರಿ."

ಹೊಡೆದುಹಾಕಿದೆ.

೮

ವಿಲ್ಸನ ಯಂತ್ರವನ್ನು ಒರಳುಕಲ್ಲಿನ ಪಕ್ಕದ ಕಟ್ಟೆಯ ಮೇಲಿಟ್ಟ. ನಳಿಗೆಯ ಒಳಗಂಡಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಹಾಗಾಗಿ ಉರುಳೆಯ ಮೇಲೆ ಒಂದೇ ರೀತಿಯಲ್ಲಿ ಕೂರುತ್ತದೆ. ಕೂತಿತು. ಕೆರೆದ ಅರ್ಧ ಬಲಕ್ಕೆ ಬಂತು, ಮುಳ್ಳು ಶುರುಮಾಡುವುದು ಎಡದಿಂದ.

"ಶುರುವಿನದು ಉಳದದ," ಎಂದ ವಿಲ್ಸನ. "ಕಡೀದು ಹೋಗ್ಯಾದ."

ಖೈರುನ್ನಿಸಾ ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ, ಕಿವಿಯನ್ನು ಕುರಿಯ ಹಲ್ಲಿನ ಗುರುತಿರುವ ಆಲಿಕೆಯ ಹತ್ತಿರ ತಂದಳು. ವಿಲ್ಸನ ಹಿಡಿ ತಿರುಗಿಸಿ ಕೀಲಿ ಕೊಟ್ಟ. ದುಂಡು ಮುಳ್ಳನ್ನು ಮೇಣದ ಮೇಲೆ ಇಳಿಸುವಾಗ ಉಸಿರು ಹಿಡಿದಿದ್ದ. ಲೆಕ್ಕದ ಮಾಸ್ತರ, ಪ್ರಾರ್ಥನೆಯನ್ನೂ ಮಾಡಿದನೋ ಏನೋ, ಅದು ಅವನ ಸ್ವಂತ ವಿಷಯ.

ಮೊದಲು ಮಳೆ ಬಂದಂಥ ಸದ್ದು. ಆಮೇಲೆ ಬಾವಿಯ ತಳದಿಂದ ಬಂದಂತೆ, ಬಾಯಿ ತುಂಬಿಕೊಂಡಿರುವ ಒಂದು ಗಂಡಸಿನ ದನಿ:

"ಶುರೂ ಹುವಾ?"

ಓಣಿಯ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಒಂದು ಹೆಣ್ಣುದನಿ, ಎಳೆಯದು, ಸ್ವಲ್ಪ ದೂರದಿಂದ:

"ಪಹಲೇ ಪಾನ್ ಥೂಕೋ!"

ಮೊದಲು ಪಾನ್ ಉಗಿಯಿರಿ ಎಂದ ಆ ದನಿ ಯಾರದೆಂದು ಎಲ್ಲರೂ ತಿರುಗಿ ನೋಡಿದರು. ಖೈರುನ್ನಿಸಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಚುಪ್ ಬೈಠೋ ಜೀ, ಸಬ್ ಸುನ್ ಲೇತಾ ಯೇ. ಅಂದರ್ ಜಾವೋ ತುಮ್."

ಸುಮ್ಮನಿರು, ಇದು ಎಲ್ಲ ಕೇಳಿಸಿಕೊಳ್ಳುತ್ತದೆ, ನೀನು ಒಳಗೆ ಹೋಗು ಎಂದ. ಬಳೆಯ ಸದ್ದು, ಒಂದು ಬಾಗಿಲು. ಗಂಡಸು ಗಂಟಲು ಸರಿಮಾಡಿಕೊಂಡ. ಪಾನ್ ಉಗಿದಿರಲಿಲ್ಲ, ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಹೆಂಡತಿಗೆ ಹೇಳಬೇಕಾದದ್ದನ್ನು ಹೇಳಲು ಅವನಿಗೆ ಗೊತ್ತಿದ್ದ ಭಾಷೆ ಒಂದೇ, ದಿನವೂ ಕೋರ್ಟಿನಲ್ಲಿ ಪರರಿಗಾಗಿ ಬರೆಯುತ್ತಿದ್ದದ್ದು:

"ಮೈಂ, ಅಬ್ದುಲ ಅಜೀಜ, ಸಾಕಿನ್ ಭಾಲ್ಕಿ, ಬಹೋಶೋ-ಹವಾಸ್ ಬಯಾನ್ ಕರತಾ ಹೂಂ ಕೇ—"

ನಾನು, ಭಾಲ್ಕಿಯ ನಿವಾಸಿ ಅಬ್ದುಲ ಅಜೀಜ, ಸ್ವಸ್ಥಚಿತ್ತನಾಗಿ ಹೇಳಿಕೆ ಕೊಡುವುದೇನೆಂದರೆ—

ಮುಳ್ಳು ಕೆರೆದ ಜಾಗಕ್ಕೆ ಬಂತು. ಮೊರದಲ್ಲಿ ಜೋಳ ಕೇರುವಂಥ ಸದ್ದು, ಅದೊಂದೇ, ಕೊನೆಯವರೆಗೂ. ಯಾರೂ ನಿಲ್ಲಿಸು ಎನ್ನಲಿಲ್ಲ. ಅವನು ಅಷ್ಟು ಹೊತ್ತು ಮಾತಾಡಿದ್ದ ಎಂಬುದಂತೂ ತಿಳಿಯಿತು. ಯಂತ್ರ ತಾನಾಗಿ ನಿಂತಿತು.

"ಮುಂದ?" ಎಂದ ಮಡೆಪ್ಪ.

ಪುತಳಾಬಾಯಿ ಗಂಡನ ಕಡೆ ನೋಡಿದ ರೀತಿಗೆ ಅವನು ಕುರಿಗಳ ಕಡೆ ಹೋದ.

ಖೈರುನ್ನಿಸಾಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಶುರೂ ಹುವಾ, ಶುರೂ ಹುವಾ. ಕಣ್ಣು ಮುಚ್ಚಿದಳು, ತೆರೆದಳು.

"ಭಾವನ ದನಿ ಅಲ್ಲ," ಎಂದಳು ವಿಲ್ಸನನಿಗೆ. "ಇವರದೇ."

"ಇನ್ನೊಮ್ಮೆ ಹಾಕ್ಲೇನಮ್ಮಾ?"

"ಬ್ಯಾಡ್ರಿ. ಸವೀತದ."

ಪುತಳಾಬಾಯಿ ಒಳಗಿನಿಂದ ಮಜ್ಜಿಗೆ ತಂದಳು. ಕೊಡುವಾಗ ಮುಖ ಎತ್ತಲಿಲ್ಲ. ಖೈರುನ್ನಿಸಾ ಲೋಟ ತೆಗೆದುಕೊಂಡು, ಇನ್ನೊಂದು ಕೈಯಿಂದ ಅವಳ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು. ಓದುವವಳಂತೆ ಹಣೆಯನ್ನು ನೋಡಿದಳು. ಆಮೇಲೆ ಮಜ್ಜಿಗೆ ಕುಡಿದಳು.

೯

ಅವನು ಕೊಟ್ಟ ಹೇಳಿಕೆ ಏನು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಕಥೆಗಾರನೂ ಒಂದು ವಾಕ್ಯ ಬರೆದು ನೋಡಿದ, ಚೆನ್ನಾಗಿತ್ತು, ಅದೇ ಅದರ ದೋಷ. ಆ ಮಾತುಗಳು ಎರಡು ವರ್ಷ ಹಲಬರ್ಗಾದ ಹೊಲಗಳಲ್ಲಿ ಓಡಾಡಿವೆ, ಬೆವರಿವೆ, ಸುಂದರಬಾಯಿಯ ಮಗಳ ಜೊತೆ ಗಂಡನ ಮನೆಗೆ ಹೋಗಿವೆ, ಅಲ್ಲಿ ಯಾವುದೋ ಹಬ್ಬದ ದಿನ ಎಣ್ಣೆನೀರಿನಲ್ಲಿ ತೊಳೆದುಹೋಗಿವೆ. ಅವುಗಳ ಬೆನ್ನು ಹತ್ತುವ ತಾಕತ್ತು ಈ ಕಥೆಗಿಲ್ಲ. ಬೇಕಾದರೆ ನೀವು ಹೋಗಿ.

ಮೇಜಿನ ಮೇಲಿದ್ದದ್ದು ಶ್ಯಾವಿಗೆ ಯಂತ್ರವಲ್ಲ. ಅದು ಈಗ ಔರಾದದಲ್ಲಿದೆ, ಚೆನ್ನಾಗಿ ತಿರುಗುತ್ತದೆ. ಒಂದು ಡಬ್ಬಿಯನ್ನು ಬಿಟ್ಟು ಉಳಿದ ಭಾಗಗಳನ್ನೆಲ್ಲ ಒರೆಸಲಾಗಿದೆ.